ಬಲಿಪೀಠದ ಹಿಂದಿನ ಮೈಕು

ಆ ಊರಿನ ಹೆಸರನ್ನು ನಾನು ಬರೆಯುವಂತಿಲ್ಲ. ಹೊರಡುವ ಮುಂಚೆ ಕಂಪನಿಯವರು ಸಹಿ ಹಾಕಿಸಿಕೊಂಡಿದ್ದರು. ಆಟ ಬಿಡುಗಡೆಯಾಗುವ ತನಕ ಅದರಲ್ಲಿ ಬರುವ ಯಾವ ಜಾಗದ ಬಗ್ಗೆಯೂ ಹೊರಗೆ ಬಾಯಿಬಿಡಬಾರದು ಎಂದು. ಆಟ ಇನ್ನೂ ಬಿಡುಗಡೆಯಾಗಿಲ್ಲ. ಹಾಗಾಗಿ ಇಷ್ಟು ಹೇಳಿದರೆ ಸಾಕು: ಫ್ರಾನ್ಸಿನ ಉತ್ತರ ತೀರ, ಇಂಗ್ಲೆಂಡಿನಿಂದ ಫೆರ್ರಿ ಹಿಡಿದು ಹೋಗಬಹುದಾದ ಹಳೆಯ ಬಂದರು, ಮರಳಿಲ್ಲದ, ಬರೀ ದುಂಡುಕಲ್ಲಿನ ಬೀಚು, ಬೆಳಗ್ಗೆ ಮೀನು ಮಾರುವ ಕಟ್ಟೆ, ಅದರ ಹಿಂದೆ ನಾಲ್ಕಾರು ಗಲ್ಲಿ ದಾಟಿದರೆ ಮನೆಗಳ ತಲೆಯ ಮೇಲೆ ಎದ್ದು ನಿಂತ ಗಾಥಿಕ್ ಚರ್ಚು.

ನಾನು ಆಗ ಇಂಗ್ಲೆಂಡಿನ ಲೆಮಿಂಗ್ಟನ್ ಸ್ಪಾ ಎಂಬ ಊರಿನ ಒಂದು ವಿಡಿಯೋ ಗೇಮ್ ಸ್ಟುಡಿಯೋದಲ್ಲಿ ಕೆಲಸಕ್ಕಿದ್ದೆ. ಆಟದೊಳಗಿನ ಊರು, ಗೋಡೆ, ಬೀದಿ, ಕೆಸರು ಇವನ್ನೆಲ್ಲ ಮಾಡುವ ಕಲಾವಿದೆಯ ಕೆಲಸ. ಮೈಸೂರಿನಲ್ಲಿ ಚಿತ್ರಕಲೆ ಓದಿ, ಬೆಂಗಳೂರಿನಲ್ಲಿ ಹೊರದೇಶದ ಸ್ಟುಡಿಯೋಗಳಿಗೆ ಬಂಡೆ, ಪೀಪಾಯಿ, ಮುರಿದ ಗಾಡಿ ಮಾಡಿಕೊಡುವ ಕಂಪನಿಯಲ್ಲಿ ವರ್ಷಗಟ್ಟಲೆ ಕೂತು, ಆಮೇಲೆ ಇಲ್ಲಿಗೆ ಬಂದವಳು ನಾನು. ವೀಸಾ ನನ್ನ ಕೆಲಸದ ಮೇಲಿತ್ತು. ಗಂಡ, ಮಗಳು ಇಬ್ಬರೂ ಕಾಗದದ ಪ್ರಕಾರ ನನ್ನ ಡಿಪೆಂಡೆಂಟುಗಳು. ಬಂದ ಮೇಲೆ ನನ್ನ ಗಂಡನಿಗೂ ಸೊಲಿಹಲ್ ಕಡೆ, ಕಾರಿನ ಬಿಡಿಭಾಗಗಳನ್ನು ಪರೀಕ್ಷೆ ಮಾಡುವ ಸಣ್ಣ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿತ್ತು. ಆದರೆ ನಾವು ಆ ದೇಶದಲ್ಲಿ ಇದ್ದದ್ದು ನನ್ನ ಕೆಲಸದ ಬಲದಿಂದ.

ಆ ಚರ್ಚಿಗೆ ನನ್ನ ಜೊತೆ ಬಂದವರು ನಮ್ಮ ಸ್ಟುಡಿಯೋದ ಸೌಂಡ್ ವಿಭಾಗದ ಮುಖ್ಯಸ್ಥರು. ಉಡುಪಿ ಕಡೆಯವರು, ನನಗಿಂತ ತುಂಬಾ ದೊಡ್ಡವರು, ಈ ದೇಶಕ್ಕೆ ಬಂದು ಬಹಳ ಕಾಲವಾದವರು. ನಾನು ಬಂದ ಹೊಸತರಲ್ಲಿ ಯಾವ ಜಿಪಿ ಡಾಕ್ಟರ ಹತ್ತಿರ ಹೆಸರು ಬರೆಸಬೇಕು, ಕೌನ್ಸಿಲ್ ಟ್ಯಾಕ್ಸ್ ಅಂದರೆ ಏನು, ಮಗಳ ಸ್ಕೂಲಿಗೆ ಅರ್ಜಿ ಹೇಗೆ ಹಾಕಬೇಕು ಎಲ್ಲ ಹೇಳಿಕೊಟ್ಟವರು ಅವರೇ. ಅವರ ಹೆಂಡತಿ ಬೆಂಗಳೂರಿನವರು. ಮೊದಲ ಸಲ ಅವರ ಮನೆಗೆ ಊಟಕ್ಕೆ ಹೋದಾಗ ನಾನು 'ಸರ್' ಅಂದದ್ದಕ್ಕೆ ಆಕೆ ನಕ್ಕು, "ಮನೇಲಿ ಯಾವ ಸರ್ರು? ಅಣ್ಣ ಅನ್ನು ಸಾಕು" ಅಂದಿದ್ದರು. ಅಂದಿನಿಂದ ಅವರು ಅಣ್ಣ, ಆಕೆ ಅಕ್ಕ. ಅಣ್ಣ ನನ್ನ ಹತ್ತಿರ ಬೆಂಗಳೂರಿನ ಕನ್ನಡದಲ್ಲೇ ಮಾತಾಡುತ್ತಿದ್ದರು. ಸಿಟ್ಟು ಬಂದರೆ ಅಥವಾ ಗಾಬರಿಯಾದರೆ ಮಾತ್ರ ಅವರ ಊರಿನ ಕನ್ನಡ ಹೊರಗೆ ಬರುತ್ತಿತ್ತು.

ನಮ್ಮ ಆಟದಲ್ಲಿ ಒಂದು ಹಳೇ ಬಂದರು ಪಟ್ಟಣವಿತ್ತು, ಪಟ್ಟಣದ ಮಧ್ಯೆ ಒಂದು ಚರ್ಚು. ಸುಮ್ಮನೆ ಕಲ್ಪಿಸಿ ಬರೆಯುವ ಬದಲು ನಿಜವಾದ ಒಂದು ಚರ್ಚಿನ ಪ್ರತಿ ಕಲ್ಲನ್ನೂ ಎಲ್ಲ ದಿಕ್ಕಿನಿಂದ ಫೋಟೋ ತೆಗೆದು, ಅವನ್ನು ಕಂಪ್ಯೂಟರಿನಲ್ಲಿ ಜೋಡಿಸಿದರೆ ಕಲ್ಲಿನ ತರಚು ಗಾಯ ಕೂಡ ಹಾಗೇ ಬರುತ್ತದೆ. ಫೋಟೋ ನನ್ನ ಪಾಲು. ಆ ಚರ್ಚಿನೊಳಗೆ ಹೆಜ್ಜೆ, ಬಾಗಿಲು, ಗಾಳಿ, ಮೌನ ಹೇಗೆ ಕೇಳಿಸುತ್ತವೆ ಎನ್ನುವುದನ್ನು ಹಿಡಿದು ತರುವುದು ಅಣ್ಣನ ಪಾಲು. ಮೂರು ದಿನದ ಅನುಮತಿ ಸಿಕ್ಕಿತ್ತು: ಎರಡು ದಿನ ಒಳಗೆ, ಮೂರನೆಯ ದಿನ ಗೋಪುರ.

ಫೆರ್ರಿಯಲ್ಲಿ ಹೋಗುವಾಗ ನಾನು ಖುಷಿಯಲ್ಲಿದ್ದೆ. ಹೊರಗೆ ಮೋಡ ಕವಿದಿತ್ತು. ಬಿಸಿಲಿಲ್ಲದಿದ್ದರೆ ನೆರಳು ಬೀಳುವುದಿಲ್ಲ, ಕಲ್ಲು ಚೆನ್ನಾಗಿ ಬರುತ್ತದೆ. ಕಾಫಿ ಕುಡಿಯುತ್ತಾ ಅಣ್ಣನಿಗೆ ಮನೆಯ ವಿಷಯ ಹೇಳಿದೆ. ವಾರ್ವಿಕ್ ಕಡೆಗೆ ಹೋಗುವ ರಸ್ತೆಯಲ್ಲಿ ಒಂದು ಪುಟ್ಟ ಮನೆ ನೋಡಿದ್ದೆವು. ಮಾರ್ಟ್ಗೇಜ್, ಅಂದರೆ ಮನೆಸಾಲ, ಮಾಡಿಸುವವನ ಜೊತೆ ಮಾತೂ ಆಗಿತ್ತು.

"ಅಷ್ಟು ಅರ್ಜೆಂಟು ಯಾಕೆ? ಸ್ವಲ್ಪ ಕಾಯಿ" ಎಂದರು ಅಣ್ಣ.

"ಬೇರೆಯವರು ತಗೊಂಡು ಬಿಡ್ತಾರೆ ಅಣ್ಣ."

"ಮನೆ ಎಂತಕ್ಕೆ ಓಡಿ ಹೋಗ್ತದೆ? ಬೇಸಿಗೆ ಕಳೀಲಿ."

ಅವರ ಬಾಯಲ್ಲಿ ಕರಾವಳಿ ಬಂದದ್ದು ನನಗೆ ಆಗ ಗಮನಕ್ಕೆ ಬರಲಿಲ್ಲ. ಸಮುದ್ರ ನೋಡಿ ಊರು ನೆನಪಾಗಿರಬೇಕು ಅಂದುಕೊಂಡೆ.

ಚರ್ಚಿನ ಬೀಗದ ಕೈ ಒಬ್ಬ ವಯಸ್ಸಾದ ಹೆಂಗಸಿನ ಹತ್ತಿರ ಇತ್ತು. ಗಿಡ್ಡಕ್ಕಿದ್ದರು. ನೀಲಿ ಮಳೆಕೋಟು ಹಾಕಿಕೊಂಡು, ಮೊದಲ ದಿನ ಬೆಳಗ್ಗೆ ಪಕ್ಕದ ಸಣ್ಣ ಬಾಗಿಲ ಬಳಿ ನಮಗಾಗಿ ಕಾದಿದ್ದರು. ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು. ಹರೆಯದಲ್ಲಿ ಲೀಡ್ಸ್‌ನ ಒಂದು ಮನೆಯಲ್ಲಿ ಇದ್ದುಕೊಂಡು ಅವರ ಮಕ್ಕಳನ್ನು ನೋಡಿಕೊಳ್ಳುತ್ತಿದ್ದರಂತೆ. "ಅಲ್ಲಿ ಇಲ್ಲಿಗಿಂತ ಹೆಚ್ಚು ಮಳೆ, ಆದರೆ ಮಕ್ಕಳು ಒಳ್ಳೆಯವರು" ಎಂದರು. ನಾವೂ ಇಂಗ್ಲೆಂಡಿನಿಂದ ಬಂದವರು ಎನ್ನುವುದೇ ಅವರಿಗೆ ನಮ್ಮ ಮೇಲೆ ಅಕ್ಕರೆ ಹುಟ್ಟಿಸಿತ್ತು.

ಒಳಗೆ ಕಾಲಿಟ್ಟಾಗ ಮೊದಲು ಚಳಿ ಹೊಡೆಯಿತು, ಆಮೇಲೆ ಎತ್ತರ ಕಂಡಿತು. ಕಂಬಗಳು ಒಂದೇ ಉಸಿರಿಗೆ ಮೇಲೆ ಹೋಗಿ ಅಲ್ಲಿ ಕೈ ಜೋಡಿಸಿದ್ದವು. ಆ ಜೋಡಣೆಯ ಕೆಳಗೆ ಉದ್ದಕ್ಕೂ ಒಂದು ಬಲೆ ಕಟ್ಟಿದ್ದರು, ಮೀನಿನ ಬಲೆಯಂಥದ್ದೇ. ಮೇಲಿಂದ ಕಲ್ಲಿನ ಚೂರು ಬಿದ್ದರೆ ಜನರ ತಲೆಗೆ ತಾಗದಿರಲಿ ಎಂದು. ಬಲೆಯಲ್ಲಿ ಅಲ್ಲಲ್ಲಿ ಬಿಳಿ ಚೂರುಗಳು ಸಿಕ್ಕಿಕೊಂಡಿದ್ದವು. ಉಪ್ಪುಗಾಳಿ ಕಲ್ಲನ್ನು ತಿಂದುಹಾಕಿತ್ತು. ಬೆರಳು ತಾಗಿಸಿದರೆ ಪುಡಿ ಬರುತ್ತಿತ್ತು. ಕಂಬಗಳ ಮೇಲೆ ಹಿಂದಿನ ಕಾಲದ ನಾವಿಕರು ಚೂರಿಯಿಂದ ಗೀರಿ ಬರೆದ ಹಡಗುಗಳಿದ್ದವು. ಹಾಯಿ, ಹಗ್ಗ, ಪತಾಕೆ ಎಲ್ಲ ಇತ್ತು. ಹೋಗುವ ಮುಂಚೆ ಬರೆದದ್ದೋ ಬಂದ ಮೇಲೆ ಬರೆದದ್ದೋ ಯಾರಿಗೂ ಗೊತ್ತಿಲ್ಲ ಎಂದರು ಆ ಹೆಂಗಸು.

ಅಣ್ಣ ಬ್ಯಾಗಿನಿಂದ ಬಲೂನುಗಳನ್ನು ತೆಗೆದರು. ಮಗನ ಹುಟ್ಟುಹಬ್ಬದಲ್ಲಿ ಮಿಕ್ಕಿದ್ದವು. ಒಂದನ್ನು ಊದಿ ಚರ್ಚಿನ ನಡುವೆ ನಿಂತು ಸೂಜಿ ಚುಚ್ಚಿದರು. ಪಟ್ ಎಂದ ಸದ್ದು ಕಂಬದಿಂದ ಕಂಬಕ್ಕೆ ಹಾರಿ, ಮೇಲೆ ಹತ್ತಿ, ಎಲ್ಲೋ ಹಿಂದೆ ಹೋಗಿ, ನಿಧಾನವಾಗಿ ಸತ್ತಿತು. ಆ ಸಾವಿನ ಲೆಕ್ಕದ ಮೇಲೆ ಆಟದೊಳಗಿನ ಪ್ರತಿಧ್ವನಿ ಕಟ್ಟುತ್ತಾರೆ ಎಂದು ಅಣ್ಣ ವಿವರಿಸಿದರು. ಹೆಂಗಸು ಎದೆ ಹಿಡಿದುಕೊಂಡು ಕುರ್ಚಿಯ ಮೇಲೆ ಕೂತುಬಿಟ್ಟಿದ್ದರು. ಆಮೇಲೆ ನಕ್ಕರು.

"ನಿಮ್ಮ ಆಟದಲ್ಲಿ ನಮ್ಮ ಚರ್ಚಿಗೆ ಏನಾಗುತ್ತೆ?" ಎಂದು ಕೇಳಿದರು.

"ಜನ ಒಳಗೆ ಬಂದು ನೋಡ್ತಾರೆ. ಲಕ್ಷಗಟ್ಟಲೆ ಜನ" ಎಂದರು ಅಣ್ಣ.

ಅದು ಸುಳ್ಳಲ್ಲ. ಆದರೆ ಆಟದ ನಡುವಿನಲ್ಲಿ ಸಮುದ್ರದ ಕಡೆಯಿಂದ ಹಡಗುಗಳು ಫಿರಂಗಿ ಹೊಡೆಯುತ್ತವೆ, ಚರ್ಚಿನೊಳಗೆ ಊರಿನ ಜನ ಅಡಗಿರುವಾಗಲೇ ಮೇಲ್ಛಾವಣಿ ಕುಸಿಯುತ್ತದೆ. ನಾನು ಆ ಚರ್ಚನ್ನು ಎರಡು ಸಲ ಕಟ್ಟಬೇಕಿತ್ತು, ನಿಂತದ್ದು ಒಂದು, ಬಿದ್ದದ್ದು ಒಂದು. ನಾನು ಸುಮ್ಮನೆ ಕ್ಯಾಮೆರಾ ಕಡೆ ನೋಡಿದೆ.

ಆ ಸಂಜೆ ಹೋಟೆಲಿನಿಂದ ಮನೆಗೆ ವಿಡಿಯೋ ಕಾಲ್ ಮಾಡಿದಾಗ ಮಗಳು, "ಅಮ್ಮ, ಈಸ್ ಇಟ್ ಸ್ಪೂಕಿ?" ಎಂದು ಕೇಳಿದಳು. ನಾನು ಕನ್ನಡದಲ್ಲಿ ಎಷ್ಟು ಹೇಳಿದರೂ ಅವಳ ಉತ್ತರ ಇಂಗ್ಲಿಷಿನಲ್ಲೇ. ಗಂಡ ಹಿಂದಿನಿಂದ ತಲೆ ಹಾಕಿ, "ಮಾರ್ಟ್ಗೇಜ್‌ನೋನು ಫೋನ್ ಮಾಡಿದ್ದ ಕಣೇ. ನಿನ್ನ ಸ್ಯಾಲರಿ ಸ್ಲಿಪ್ ಬೇಕಂತೆ" ಎಂದ. ಬಂದ ಮೇಲೆ ಕಳಿಸೋಣ ಎಂದೆ.

ಎರಡನೆಯ ದಿನ ಮಧ್ಯಾಹ್ನದ ಹೊತ್ತಿಗೆ ನನ್ನ ಒಳಗಿನ ಕೆಲಸ ಬಹುಪಾಲು ಮುಗಿದಿತ್ತು. ಅಣ್ಣನಿಗೆ ಹೆಜ್ಜೆಯ ಸದ್ದು ಬೇಕಿತ್ತು. ಬಲಿಪೀಠದ ಹಿಂದೆ ಒಂದು ಮೈಕು ನಿಲ್ಲಿಸಿ, ಉದ್ದನೆಯ ಕೇಬಲ್ ಎಳೆದುಕೊಂಡು ಬಂದು, ದೊಡ್ಡ ಬಾಗಿಲ ಹತ್ತಿರ ರೆಕಾರ್ಡರ್ ಇಟ್ಟರು. ನನ್ನ ಕಿವಿಗೆ ಹೆಡ್‌ಫೋನ್ ಹಾಕಿದರು.

"ನಾನು ಆ ಕೊನೆ ತನಕ ನಡೆದು ಹೋಗ್ತೇನೆ, ವಾಪಸ್ ಬರ್ತೇನೆ. ಹೊರಗಿಂದ ಕಾರು, ಹಕ್ಕಿ ಏನಾದರೂ ಕೇಳಿದರೆ ಕೈ ಎತ್ತು. ಸರಿಯಾ?"

ಅವರು ಚರ್ಮದ ಅಡಿಯ ಬೂಟು ಹಾಕಿಕೊಂಡು ನಡೆಯತೊಡಗಿದರು. ಕಣ್ಣಿಗೆ ಅವರು ದೂರ ಹೋಗುತ್ತಿದ್ದರು, ಕಿವಿಗೆ ಹತ್ತಿರ ಬರುತ್ತಿದ್ದರು. ವಿಚಿತ್ರವಾಗಿತ್ತು. ಬಲಿಪೀಠದ ಹಿಂದೆ ಸುತ್ತುವ ಹಾದಿಗೆ ತಿರುಗಿದಾಗ ಕಣ್ಣಿಗೆ ಮರೆಯಾದರು. ಅಲ್ಲಿ ಹೆಜ್ಜೆ ನಿಂತಿತು. ಫೋನಿನ ಗುಂಯ್ ಸದ್ದು ಕೇಳಿತು.

"ಹೇಳು" ಎಂದರು. ಹೆಂಡತಿಯ ಫೋನು. ಪಕ್ಕದ ಪುಟ್ಟ ಪ್ರಾರ್ಥನಾ ಕೋಣೆಯೊಳಗೆ ಹೋದರೆಂದು ಕಾಣುತ್ತದೆ, ದನಿ ಸ್ವಲ್ಪ ಸರಿಯಿತು. ಆದರೆ ಕಲ್ಲು ಅದನ್ನು ಹಿಡಿದು ಮತ್ತೆ ಮೈಕಿಗೆ ತಂದುಕೊಟ್ಟಿತು. ನಾನು ಹೆಡ್‌ಫೋನ್ ತೆಗೆಯಬೇಕು ಅಂದುಕೊಂಡೆ. ಅಷ್ಟರಲ್ಲಿ ಅವರು, "ಇಲ್ಲ, ಅವಳಿಗೆ ಇನ್ನೂ ಹೇಳಿಲ್ಲ" ಎಂದರು.

ಕೈ ತಲೆಯ ಹತ್ತಿರವೇ ನಿಂತಿತು.

"ನಾನು ಹೇಗೆ ಹೇಳುದು ಮಾರಾಯ್ತಿ? ಹೆಡ್‌ಗಳ ಮೀಟಿಂಗಲ್ಲಿ ಯಾರಿಗೂ ಹೇಳುದಿಲ್ಲ ಅಂತ ಒಬ್ಬೊಬ್ಬರ ಹತ್ರನೂ ಮಾತು ತಗೊಂಡಿದ್ದಾರೆ. ಸೋಮವಾರ ಅವರೇ ಹೇಳ್ತಾರೆ... ಅವಳ ಟೀಮ್ ಪೂರ್ತಿ ಮುಚ್ತಾರೆ. ಒಬ್ಬರನ್ನೂ ಇಟ್ಟುಕೊಳ್ಳುದಿಲ್ಲ... ಈ ಫೋಟೋ ಎಲ್ಲ ಬೆಂಗಳೂರಿಗೆ ಹೋಗ್ತದೆ, ಅಲ್ಲಿ ಕಟ್ತಾರೆ. ಅದಕ್ಕೇ ಇಷ್ಟು ಅರ್ಜೆಂಟಲ್ಲಿ ಕಳಿಸಿದ್ದು... ಗೊತ್ತುಂಟು. ವೀಸಾ ಅವಳ ಮೇಲೇ ಇರುದು ನನಗೆ ಗೊತ್ತಿಲ್ವಾ? ಮನೆ ಬೇರೆ ತಗೊಳ್ಳಿಕ್ಕೆ ಹೊರಟಿದ್ದಾರೆ. ಕಾಯಿ ಅಂದೆ. ಅದಕ್ಕಿಂತ ಹೆಚ್ಚು ಎಂತ ಹೇಳ್ಲಿ ನಾನು?"

ಎದುರಿಗೆ ರೆಕಾರ್ಡರಿನ ಹಸಿರು ಗೆರೆ ಅವರ ಮಾತಿನ ಜೊತೆ ಏರಿ ಇಳಿಯುತ್ತಿತ್ತು. ಹೊರಗೆ ಕಡಲಹಕ್ಕಿಯೊಂದು ಕೂಗಿತು. ಕೈ ಎತ್ತಬೇಕಿತ್ತು, ಎತ್ತಲಿಲ್ಲ. ಕೆಲಸ ಹೋಗುತ್ತದೆ ಎನ್ನುವುದು ಮೊದಲು ನಾಟಲಿಲ್ಲ. ಎರಡು ದಿನದಿಂದ ಜೊತೆಗೆ ತಿಂದು, ಜೊತೆಗೆ ನಕ್ಕು, ಬ್ಯಾಗು ಹೊತ್ತುಕೊಂಡು ಬಂದ ಈ ಮನುಷ್ಯ ಅಷ್ಟೂ ಹೊತ್ತು ಇದನ್ನು ಒಳಗೆ ಇಟ್ಟುಕೊಂಡಿದ್ದ ಎನ್ನುವುದೇ ನಾಟಿತು.

ಹೆಜ್ಜೆ ಮತ್ತೆ ಶುರುವಾಯಿತು. ಅವರು ವಾಪಸ್ ನಡೆದು ಬಂದು, "ಒಂದು ಫೋನ್ ಬಂತು, ಸಾರಿ. ಹೆಜ್ಜೆ ಹೇಗೆ ಬಂತು?" ಎಂದರು. ಜೀವನವಿಡೀ ಮೈಕಿನ ಜೊತೆ ಕಳೆದವರಿಗೆ ಆ ಗಳಿಗೆಯಲ್ಲಿ ಮೈಕೇ ಮರೆತುಹೋಗಿತ್ತು.

"ಚೆನ್ನಾಗಿ ಬಂತು ಅಣ್ಣ" ಎಂದೆ. ಹೆಡ್‌ಫೋನ್ ಕೈಗೆ ಕೊಟ್ಟು, ಫೋಟೋ ಇನ್ನೂ ಬಾಕಿಯಿದೆ ಎಂದು ಬಲಗಡೆಯ ಸಾಲಿಗೆ ಹೋದೆ.

ಫೋಟೋ ತೆಗೆಯಲಾಗಲಿಲ್ಲ. ಟ್ರೈಪಾಡ್ ನಿಲ್ಲಿಸಿಕೊಂಡು ಒಂದು ಕಂಬದ ಮುಂದೆ ಸುಮ್ಮನೆ ನಿಂತಿದ್ದೆ. ಬೆಂಗಳೂರಿನಲ್ಲಿ ನಾನು ಕೂರುತ್ತಿದ್ದ ಕಿಟಕಿಯಿಲ್ಲದ ದೊಡ್ಡ ಕೋಣೆ ಕಣ್ಣ ಮುಂದೆ ಬಂತು. ಅಂಥದ್ದೇ ಒಂದು ಕೋಣೆಯಲ್ಲಿ ಇನ್ಯಾರೋ ಹುಡುಗಿ ಕೂತು ನಾನು ತೆಗೆದ ಈ ಕಲ್ಲುಗಳನ್ನು ಜೋಡಿಸುತ್ತಾಳೆ. ಅವಳ ಮೇಲೆ ಸಿಟ್ಟು ಮಾಡಿಕೊಳ್ಳಲೂ ಆಗಲಿಲ್ಲ, ಹಿಂದೆ ನಾನೇ ಅವಳಾಗಿದ್ದೆ. ನಾನು ಮಾಡಿಕೊಟ್ಟ ಪೀಪಾಯಿಗಳಿಂದ ಇಂಗ್ಲೆಂಡಿನಲ್ಲಿ ಯಾರ ಕೆಲಸ ಹೋಗಿತ್ತೋ, ಆಗ ಒಂದು ದಿನವೂ ಯೋಚಿಸಿರಲಿಲ್ಲ.

ಬೀಗದ ಕೈಯ ಹೆಂಗಸು ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಂಡು ಬಂದು ನನ್ನ ಕೈಗೆ ಕೊಟ್ಟರು. "ನಿನ್ನ ಮುಖ ಬಿಳಿಚಿಕೊಂಡಿದೆ. ಈ ಚಳಿ ಒಳಗೆ ಹೊಕ್ಕುಬಿಡುತ್ತೆ, ಕುಡಿ" ಎಂದರು. ಕುರ್ಚಿ ಎಳೆದು ಪಕ್ಕದಲ್ಲಿ ಕೂತರು. ಮೊಮ್ಮಗನಿಗೆ ಆಟದ ಬಗ್ಗೆ ಹೇಳಿದ್ದರಂತೆ. ಅಜ್ಜಿ ಬೀಗ ತೆಗೆಯುವ ಚರ್ಚು ಆಟದಲ್ಲಿ ಬರುತ್ತದೆ ಎಂದು ಅವನು ಸ್ಕೂಲಿನಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದಿದ್ದನಂತೆ. ಆಕೆಯ ಮುಖದಲ್ಲಿದ್ದ ಸಂತೋಷ ನೋಡಿ ನನಗೆ ತಡೆಯಲಾಗಲಿಲ್ಲ.

"ಆಟದಲ್ಲಿ ಈ ಚರ್ಚು ಬೀಳುತ್ತೆ" ಎಂದೆ.

ಆಕೆಗೆ ಅರ್ಥವಾಗಲಿಲ್ಲ. ನಾನು ಮತ್ತೆ ಹೇಳಿದೆ. ಹಡಗಿನಿಂದ ಗುಂಡು ಹೊಡೆಯುತ್ತಾರೆ, ಛಾವಣಿ ಬೀಳುತ್ತೆ.

"ಒಳಗೆ ಜನ ಇರುವಾಗಲಾ?"

"ಹೌದು."

ಆಕೆ ಮೇಲಿನ ಬಲೆಯನ್ನು ನೋಡಿದರು. "ಇಂಗ್ಲಿಷರು ಹಿಂದೊಮ್ಮೆ ಈ ಊರನ್ನು ನಾಶ ಮಾಡೋದಕ್ಕೆ ಅಂತಲೇ ಹೊಡೆದರು. ನನ್ನ ತಾಯಿಯ ಕಾಲದಲ್ಲಿ ಜರ್ಮನ್ನರಿಂದ ಬಿಡಿಸೋದಕ್ಕೆ ಅಂತ ಬಂದು ಹೊಡೆದರು. ಈಗ ಆಟಕ್ಕೂ ಹೊಡೀಬೇಕಾ?" ಎಂದರು. ದನಿ ಎತ್ತಲಿಲ್ಲ. ನನ್ನ ಕೈಯಿಂದ ಖಾಲಿ ಲೋಟ ತೆಗೆದುಕೊಂಡು, ನನ್ನ ಕಡೆ ನೋಡದೆ, ಹೊರಗೆ ಹೋದರು.

ಐದು ಗಂಟೆಗೆ ನಾವು ಸಾಮಾನು ಕಟ್ಟುವಾಗ ಪಾದ್ರಿಯೇ ಬಂದರು. ಎಳೆಯ ವಯಸ್ಸಿನವರು, ತುಂಬಾ ವಿನಯದಿಂದ ಮಾತಾಡಿದರು. ನಮ್ಮ ಕಂಪನಿಯ ಪತ್ರದಲ್ಲಿ ಚರ್ಚು ಬೀಳುವ ಮಾತೇನೂ ಇರಲಿಲ್ಲ, ಮೇಲಿನವರನ್ನು ಕೇಳದೆ ನಾಳೆ ಗೋಪುರದ ಬಾಗಿಲು ತೆಗೆಯಲಾಗುವುದಿಲ್ಲ, ಕ್ಷಮಿಸಿ ಎಂದರು. ಹೆಂಗಸು ಅವರ ಹಿಂದೆ ನಿಂತಿದ್ದರು. ಅಣ್ಣ ನನ್ನನ್ನೇ ನೋಡಿದರು. ನಾನು ಕೇಬಲ್ ಸುತ್ತುತ್ತಿದ್ದೆ.

ಸಾಮಾನೆಲ್ಲ ಕಾರಿಗೆ ತುಂಬಿ ಬೀಚಿನ ಕಡೆ ನಡೆದೆವು. ಇನ್ನೂ ಬೆಳಕಿತ್ತು. ದುಂಡುಕಲ್ಲಿನ ಮೇಲೆ ಹೆಜ್ಜೆ ಇಟ್ಟರೆ ಜಾರುತ್ತಿತ್ತು. ಅಣ್ಣ ಅಲ್ಲಿಯವರೆಗೆ ತಡೆದುಕೊಂಡಿದ್ದರು.

"ನೀನು ಯಾಕೆ ಹೇಳ್ಲಿಕ್ಕೆ ಹೋದದ್ದು? ಯಾರು ಕೇಳಿದ್ರು ನಿನ್ನನ್ನು?"

"ಅವರೇ ಕೇಳಿದ್ರು. ನಿನ್ನೆ. ನೀವು ಸುಳ್ಳು ಹೇಳಿದ್ರಿ."

"ಸುಳ್ಳೆಂತದು? ಎಲ್ಲ ಹೇಳ್ಲಿಕ್ಕೆ ಆಗ್ತದಾ? ಈಗ ಗೋಪುರ ಹೋಯ್ತು. ಬಂದದ್ದೇ ದಂಡ. ಸೋಮವಾರ ನಾನು ಎಂತ ಉತ್ತರ ಕೊಡುದು ಅವರಿಗೆ?"

"ಸೋಮವಾರ ನಿಮ್ಮನ್ನ ಯಾರೂ ಕೇಳಲ್ಲ ಬಿಡಿ ಅಣ್ಣ. ಸೋಮವಾರ ಅವರಿಗೆ ನಮ್ಮ ಟೀಮ್ ಮುಚ್ಚೋ ಕೆಲಸ ಇದೆಯಲ್ಲ."

ಅವರು ನಿಂತಲ್ಲೇ ನಿಂತರು. ಅಲೆ ಹಿಂದೆ ಸರಿಯುವಾಗ ಕಲ್ಲುಗಳೆಲ್ಲ ಒಟ್ಟಿಗೆ ಉರುಳಿ ದೊಡ್ಡ ಸದ್ದು ಮಾಡುತ್ತಿದ್ದವು. ಅವರ ಮುಖದಲ್ಲಿ ಲೆಕ್ಕ ಹಿಂದಕ್ಕೆ ಓಡಿ, ಬಲಿಪೀಠದ ಹಿಂದಿನ ಮೈಕಿನ ಹತ್ತಿರ ಹೋಗಿ ನಿಂತದ್ದು ನನಗೆ ಕಂಡಿತು.

"ದೇವರೇ" ಎಂದರು. "ನೀನು ಕೇಳಿಸಿಕೊಂಡ್ಯಾ?"

"ನೀವೇ ಕಿವಿಗೆ ಹಾಕಿದ್ರಲ್ಲ."

"ನಾನು ಹೇಳ್ಬೇಕು ಅಂತ್ಲೇ ಇದ್ದೆ. ಫೆರ್ರಿಯಲ್ಲಿ ಹೇಳುವ ಅಂತ... ಹೇಳಿದ್ರೆ ನನ್ನ ಕೆಲಸನೂ ಹೋಗ್ತದೆ ಮಾರಾಯ್ತಿ. ಅವರು ಹೆದರಿಸಿದ್ದಾರೆ. ಈ ವಯಸ್ಸಲ್ಲಿ ನನಗೆ ಇನ್ಯಾರು ಕೆಲಸ ಕೊಡ್ತಾರೆ? ಇಲ್ಲಿಗೆ ನೀನೇ ಬರ್ಬೇಕು ಅಂತ ನಾನೇ ಹೇಳಿದ್ದು. ನಿನ್ನ ಪೋರ್ಟ್‌ಫೋಲಿಯೋಗೆ ಇಂಥದ್ದೊಂದು ಇರ್ಲಿ, ಬೇರೆ ಕಡೆ ಕೆಲಸಕ್ಕೆ ಅನುಕೂಲ ಆಗ್ತದೆ ಅಂತ."

ಆ ಮಾತಿಗೆ ನನಗೆ ಬಂದ ಸಿಟ್ಟು ಹಿಂದೆ ಯಾವತ್ತೂ ಬಂದಿರಲಿಲ್ಲ. "ನನಗೆ ಪೋರ್ಟ್‌ಫೋಲಿಯೋ ಬೇಕಾಗಿರ್ಲಿಲ್ಲ ಅಣ್ಣ, ಒಂದು ಮಾತು ಸಾಕಾಗಿತ್ತು. ಕೆಲಸ ಹುಡುಕೋದಕ್ಕೆ ಒಂದು ವಾರ ಸಿಕ್ತಿತ್ತು. ನನ್ನ ಗಂಡ ಅಲ್ಲಿ ಮಾರ್ಟ್ಗೇಜ್ ಅಂತ ಓಡಾಡ್ತಿದ್ದಾನೆ. ನನ್ನ ಮಗಳಿಗೆ ಆ ಊರು ಬಿಟ್ರೆ ಬೇರೆ ಊರು ಗೊತ್ತಿಲ್ಲ" ಎಂದೆ. ನಾಯಿ ಆಡಿಸುತ್ತಿದ್ದ ಒಬ್ಬಾತ ತಿರುಗಿ ನೋಡಿದ. ಅಣ್ಣ ಏನೋ ಹೇಳಲು ಬಾಯಿ ತೆರೆದರು. ನಾನು ಕೈ ಅಡ್ಡ ಹಿಡಿದು ಹೋಟೆಲಿನ ಕಡೆ ನಡೆದೆ.

ಗಂಡನಿಗೆ ಫೋನಿನಲ್ಲಿ ಹೇಳಿದೆ. ಅವನು ಮೊದಲು ನಂಬಲಿಲ್ಲ, ಆಮೇಲೆ "ಅವರಿಗೆ ಯಾವಾಗಿಂದ ಗೊತ್ತಿತ್ತಂತೆ?" ಎಂದು ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳಿದ. ಆಮೇಲೆ, "ನೀನು ಮೊದಲು ಮನೆಗೆ ಬಾ. ಬಂದ ಮೇಲೆ ನೋಡೋಣ" ಎಂದ. ಹಾಸಿಗೆಯ ಮೇಲೆ ಕ್ಯಾಮೆರಾದ ಕಾರ್ಡುಗಳನ್ನು ಸಾಲಾಗಿ ಇಟ್ಟುಕೊಂಡು ಕೂತಿದ್ದೆ. ಸಿಂಕಿನ ನೀರಿಗೆ ಹಾಕಿದರೆ ಮುಗಿಯಿತು, ಬೆಂಗಳೂರಿಗೆ ಹೋಗಲು ಏನೂ ಇರುವುದಿಲ್ಲ. ಆ ಯೋಚನೆ ಬಂದು, ಸ್ವಲ್ಪ ಹೊತ್ತು ನನ್ನ ಜೊತೆ ಕೂತಿದ್ದು, ಎದ್ದು ಹೋಯಿತು. ಒಳ್ಳೆಯತನವೇನಲ್ಲ. ಅಷ್ಟು ಚೆನ್ನಾಗಿ ಬಂದಿದ್ದ ಕೆಲಸವನ್ನು ಕೈಯಾರೆ ಹಾಳು ಮಾಡಲು ಮನಸ್ಸು ಬರಲಿಲ್ಲ.

ವಾಪಸ್ ಬರುವ ಫೆರ್ರಿಯಲ್ಲಿ ನಾವಿಬ್ಬರೂ ಬೇರೆ ಬೇರೆ ಕಡೆ ಕೂತೆವು. ಆಮೇಲೆ ಲೆಮಿಂಗ್ಟನ್ ತನಕ ಒಂದೇ ಕಾರಿನಲ್ಲಿ ಬರಬೇಕಾಯಿತು. ರೇಡಿಯೋ ಮಾತಾಡಿತು. ಮನೆಯ ಮುಂದೆ ಇಳಿಸುವಾಗ ಅಣ್ಣ ನನ್ನ ಬ್ಯಾಗು ಎತ್ತಿಕೊಡಲು ಬಂದರು. ನಾನೇ ಎತ್ತಿಕೊಂಡೆ.

ಸೋಮವಾರ ಅಣ್ಣ ಹೇಳಿದ ಹಾಗೇ ಆಯಿತು. ಪರದೆಯ ಮೇಲೆ ಒಬ್ಬರು ಕಾಗದ ನೋಡಿಕೊಂಡು ಓದಿದರು. ಪಕ್ಕದಲ್ಲಿ ಕೂತಿದ್ದ ಬರ್ಮಿಂಗ್‌ಹ್ಯಾಮಿನ ಹುಡುಗ ಅತ್ತುಬಿಟ್ಟ. ನನಗೆ ಅಳು ಬರಲಿಲ್ಲ. ಅವರೆಲ್ಲ ನನ್ನನ್ನು ಗಟ್ಟಿಗಿತ್ತಿ ಅಂದುಕೊಂಡರು. ನೋಟಿಸು ಅವಧಿಯಲ್ಲಿ ನನಗೆ ಕೊಟ್ಟ ಕೆಲಸ, ಆ ಚರ್ಚಿನ ಫೋಟೋಗಳನ್ನು ಬೆಂಗಳೂರಿನವರಿಗೆ ವಿವರಿಸಿ ಒಪ್ಪಿಸುವುದು. ಅಲ್ಲಿ ಒಬ್ಬಳು ಹುಡುಗಿ, ದನಿಯಲ್ಲೇ ಉತ್ಸಾಹ ತುಂಬಿದವಳು, ಮೊದಲ ಫೋನಿನಲ್ಲೇ ನನ್ನ ಇಂಗ್ಲಿಷಿನ ಹಿಂದಿನ ಕನ್ನಡ ಹಿಡಿದುಬಿಟ್ಟಳು.

"ಮ್ಯಾಮ್, ನೀವು ಕನ್ನಡದೋರಾ? ಟವರ್ ಫೋಟೋಸ್ ಎಲ್ಲೂ ಇಲ್ವಲ್ಲ ಮ್ಯಾಮ್?"

"ಇಲ್ಲ. ಒಳಗೆ ಬಿಡಲಿಲ್ಲ."

"ಅಯ್ಯೋ. ಪರವಾಗಿಲ್ಲ, ನಾವು ಮ್ಯಾನೇಜ್ ಮಾಡ್ತೀವಿ. ಮ್ಯಾಮ್, ಅದು ನಿಜವಾಗ್ಲೂ ಅಷ್ಟು ದೊಡ್ಡದಾ? ನಾನು ಇದುವರೆಗೂ ಒಂದನ್ನೂ ನೋಡಿಲ್ಲ."

ದೊಡ್ಡದು ಎಂದೆ. ಕಲ್ಲು ಬಿಳಿಯಲ್ಲ, ಹತ್ತಿರದಿಂದ ಹಳದಿ, ಮಳೆ ಬಂದ ಮೇಲೆ ಬೂದಿ ಬಣ್ಣ ಎಂದೆಲ್ಲ ಹೇಳಿಕೊಟ್ಟೆ. ಫೋನಿಟ್ಟ ಮೇಲೆ ಆ ದಿನ ಮಾತ್ರ ಶೌಚಾಲಯಕ್ಕೆ ಹೋಗಿ ಅತ್ತೆ.

ಆಮೇಲಿನ ತಿಂಗಳುಗಳು ಕೆಟ್ಟದಾಗಿದ್ದವು. ಆ ವರ್ಷ ಗೇಮ್ ಸ್ಟುಡಿಯೋಗಳೆಲ್ಲ ಜನರನ್ನು ಕಳಿಸುತ್ತಲೇ ಇದ್ದವು, ಸೇರಿಸಿಕೊಳ್ಳುವವರು ಇರಲಿಲ್ಲ. ಮ್ಯಾಂಚೆಸ್ಟರಿನಲ್ಲಿ ಒಂದು ಕಡೆ ಕೊನೆಯ ಸುತ್ತಿನ ತನಕ ಹೋಗಿ, ವೀಸಾ ಸ್ಪಾನ್ಸರ್ ಮಾಡಬೇಕು ಎಂದಾಗ ಅವರು ಹಿಂದೆ ಸರಿದರು. ಕೆಲಸ ನಿಂತ ಮೇಲೆ ಎರಡು ತಿಂಗಳೊಳಗೆ ಇನ್ನೊಂದು ದಾರಿ ಮಾಡಿಕೊಳ್ಳಬೇಕು, ಇಲ್ಲವೇ ಹೊರಡಬೇಕು. ವಾರ್ವಿಕ್ ರಸ್ತೆಯ ಮನೆಯನ್ನು ಬೇರೆ ಯಾರೋ ತೆಗೆದುಕೊಂಡರು. ಮಗಳಿಗೆ ಹೇಗೋ ವಿಷಯ ಗೊತ್ತಾಗಿ, ತನ್ನ ಗೆಳತಿಯರಿಗೆ ಕೊಡಲೆಂದು ಆಟದ ಸಾಮಾನುಗಳನ್ನು ಬೇರೆ ಬೇರೆ ಗುಡ್ಡೆ ಮಾಡಿ ಇಟ್ಟಿದ್ದಳು. ಅದನ್ನು ನೋಡಿದ ದಿನ ನನ್ನ ಗಂಡ ತನ್ನ ಮ್ಯಾನೇಜರಿನ ಹತ್ತಿರ ಹೋಗಿ, ಬೇಡಿಕೊಂಡ ಎಂದೇ ಹೇಳಬೇಕು. ಆ ಸಣ್ಣ ಕಂಪನಿ ಹಿಂದೆ ಯಾರಿಗೂ ಸ್ಪಾನ್ಸರ್ ಮಾಡಿರಲಿಲ್ಲ. ಇವನನ್ನು ಬಿಟ್ಟರೆ ಅವರಿಗೂ ಕಷ್ಟವಿತ್ತು. ಅಂತೂ ಕೊನೆಗಳಿಗೆಯಲ್ಲಿ ಒಪ್ಪಿದರು. ಈಗ ವೀಸಾ ಅವನದು, ನಾನು ಡಿಪೆಂಡೆಂಟು. ಸೊಲಿಹಲ್‌ನಲ್ಲಿ ಬಾಡಿಗೆ ಮನೆ. ನಾನು ಅಲ್ಲಿ ಇಲ್ಲಿ ಸಿಕ್ಕಿದ ಬಿಡಿ ಕೆಲಸ ಮಾಡುತ್ತೇನೆ.

ಅಕ್ಕ ಈ ನಡುವೆ ಹಲವು ಸಲ ಫೋನ್ ಮಾಡಿದ್ದರು. ನಾನು ಎತ್ತಿರಲಿಲ್ಲ. ವೀಸಾ ಬಂದ ಮೇಲೆ ಒಂದು ಭಾನುವಾರ ಮನೆಗೇ ಬಂದು, "ನನ್ನ ಮೇಲೆ ಯಾಕೆ ಸಿಟ್ಟು ನಿಂಗೆ? ಹೇಳ್ರೀ, ಹೇಳ್ರೀ ಅಂತ ನಾನು ಬಾಯಿ ಬಡ್ಕೊಂಡಿದ್ದೀನಿ" ಎಂದು ಅತ್ತರು. ಅದು ನಿಜವೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮುಂದಿನ ವಾರ ಊಟಕ್ಕೆ ಹೋದೆವು.

ಅಣ್ಣ ಸೊರಗಿದ್ದರು. ಅವರ ವಿಭಾಗವನ್ನೂ ಅರ್ಧ ಮಾಡಿದ್ದರು, ಅವರು ಉಳಿದಿದ್ದರು. ಊಟದುದ್ದಕ್ಕೂ ನನ್ನ ಗಂಡನ ಜೊತೆ ಬಾಯ್ಲರ್ ರಿಪೇರಿಯ ಮಾತಾಡಿದರು. ನೀರುದೋಸೆ ಹಾಕುತ್ತಾ ಅಕ್ಕ ನನ್ನ ತಟ್ಟೆ ಖಾಲಿಯಾಗಲು ಬಿಡಲಿಲ್ಲ. ಕೈ ತೊಳೆದು ಬಂದು ಕೂತ ಮೇಲೆ ಅಣ್ಣ ತಲೆ ಎತ್ತದೆ ಕೇಳಿದರು.

"ನನ್ನ ಜಾಗದಲ್ಲಿ ನೀನು ಇದ್ದಿದ್ರೆ ಹೇಳ್ತಿದ್ಯಾ?"

"ಹೇಳ್ತಿದ್ದೆ" ಎಂದೆ ತಕ್ಷಣ.

"ಆ ಹೆಂಗಸಿಗೆ ಹೇಳಿದ್ಯಲ್ಲ. ಅದರಿಂದ ಅವರಿಗೆ ಎಂತ ಒಳ್ಳೆದಾಯ್ತು? ಚರ್ಚು ಆಟದಲ್ಲಿ ಬೀಳುದು ಬೀಳ್ತದೆ. ಅವರ ಸಂತೋಷ ಮಾತ್ರ ಹೋಯ್ತು."

ಅಕ್ಕ, "ಈಗ ಆ ಮಾತು ಯಾಕ್ರೀ?" ಎಂದರು. ಅಣ್ಣ ವಾದಕ್ಕೆ ಕೇಳಿದಂತಿರಲಿಲ್ಲ. ಅವರಿಗೆ ನಿಜವಾಗಿಯೂ ಉತ್ತರ ಬೇಕಿತ್ತು. ಆಕೆ ಬೆನ್ನು ತಿರುಗಿಸಿ ಹೋದದ್ದು, ಮೊಮ್ಮಗನಿಗೆ ಮನೆಯಲ್ಲಿ ಏನು ಹೇಳಿರಬಹುದು ಎನ್ನುವುದು ನನ್ನನ್ನು ಆಮೇಲೆ ಎಷ್ಟೋ ದಿನ ಕಾಡಿತ್ತು. ಆಕೆಗೆ ಸತ್ಯ ತಿಳಿಯಲೆಂದು ಹೇಳಿದೆನೋ, ನನಗೆ ಬಿದ್ದ ಪೆಟ್ಟನ್ನು ಯಾರ ಮೇಲಾದರೂ ಇಳಿಸಬೇಕಿತ್ತೋ ನನಗೇ ತಿಳಿಯದು.

"ಅವರಿಗೆ ಬಾಗಿಲು ಹಾಕೋದಕ್ಕೆ ಆಯ್ತು ಅಣ್ಣ" ಎಂದೆ ಕೊನೆಗೆ. "ನನಗೆ ಅದೂ ಆಗಲಿಲ್ಲ."

ಅವರು ತಲೆಯಾಡಿಸಿದರು. ಒಪ್ಪಿದರೋ ಬರೀ ಕೇಳಿಸಿಕೊಂಡರೋ ಗೊತ್ತಾಗಲಿಲ್ಲ.

ಮನೆಗೆ ಬರುವಾಗ ಮಗಳು ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದಳು. ಗಂಡ ಗಾಡಿ ಓಡಿಸುತ್ತಾ, "ನಿಜವಾಗ್ಲೂ ಹೇಳ್ತಿದ್ಯಾ ನೀನು? ನನ್ನ ಕೆಲಸ, ಇವಳ ಸ್ಕೂಲು ಎಲ್ಲ ಹೋಗುತ್ತೆ ಅಂತಿದ್ರೂ?" ಎಂದು ಕೇಳಿದ.

"ಗೊತ್ತಿಲ್ಲ ಕಣೋ" ಎಂದೆ. "ಅಲ್ಲಿ ಅಣ್ಣನ ಮುಂದೆ ಮಾತ್ರ ಗೊತ್ತಿಲ್ಲ ಅನ್ನೋದಕ್ಕೆ ಬಾಯಿ ಬರಲಿಲ್ಲ."

ಹೆದ್ದಾರಿಯಲ್ಲಿ ವಾಹನ ಹೆಚ್ಚಿತ್ತು, ಮನೆ ತಲುಪುವುದು ತಡವಾಯಿತು.